ಅಪ್ಪನ ಎಡಗಾಲಿನ ಸಮಾಧಿ

ಮೊದಲು ಕಂಡದ್ದು ನೆಲದ ಮೇಲಿನ ಚುಕ್ಕೆಗಳು. ಶಾಲೆಯಿಂದ ಬಂದು ಬಾಗಿಲು ತಳ್ಳಿದರೆ, ಹೊಸ್ತಿಲಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಿಲಿಗೆ, ಎರಡು ಹೆಜ್ಜೆಗೊಂದರಂತೆ ಕೆಂಪು ಚುಕ್ಕೆ. ಸಿಮೆಂಟು ನೆಲ. ಬೆಳಿಗ್ಗೆ ತಾನೇ ಒರೆಸಿ ಹೋಗಿದ್ದೆ. ಅಪ್ಪ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನುಗ್ಗೆಸೊಪ್ಪು ಬಿಡಿಸುತ್ತಿದ್ದ.

"ಕಾಲಿಗೆ ಏನಾಗೈತಪ್ಪಾ?" ಅಂದೆ.

"ಏನಾಗೈತೆ?" ಅಂತ ನನ್ನನ್ನೇ ಕೇಳಿದ.

ಎಡಗಾಲು ಎತ್ತಿ ನೋಡಿದೆ. ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡದ ಹತ್ತಿರ, ಜಾಲಿಮುಳ್ಳು. ಪೂರ್ತಿ ಒಳಗಿಳಿದು ಹಿಂದಿನ ತುದಿ ಮಾತ್ರ ಕಾಣುತ್ತಿತ್ತು. ಅದನ್ನು ಇಟ್ಟುಕೊಂಡೇ ಪೇಟೆಗೆ ಹೋಗಿ ಬಂದಿದ್ದಾನೆ. ಬಾವಿಯಿಂದ ನೀರು ಸೇದಿದ್ದಾನೆ. ಸೊಪ್ಪು ಕಿತ್ತಿದ್ದಾನೆ.

ಅವನಿಗೆ ಗೊತ್ತೇ ಆಗಿರಲಿಲ್ಲ.

ಅಪ್ಪನ ಹೆಸರು ಸಮಾಧಾನಪ್ಪ. ನ್ಯಾಮತಿಯಲ್ಲಿ ಆ ಹೆಸರು ಹೇಳಿದರೆ ಅರ್ಧ ಜನಕ್ಕೆ ತಿಳಿಯುವುದಿಲ್ಲ, ಟಪಾಲಪ್ಪ ಅಂದರೆ ಎಲ್ಲರಿಗೂ ಗೊತ್ತು. ಇಪ್ಪತ್ತೆಂಟು ವರ್ಷ ಪೋಸ್ಟ್‌ಮನ್ ಆಗಿದ್ದ. ಊರೊಳಗಿನ ಓಣಿ ಮುಗಿಸಿ ಗೋವಿನಕೋವಿಯ ಕಡೆಗೂ ನಡೆದೇ ಹೋಗುತ್ತಿದ್ದ, ಸೈಕಲ್ ಕಲಿ ಅಂದರೆ ಕಲಿಯಲಿಲ್ಲ. ಎಮರ್ಜೆನ್ಸಿ ಮುಗಿದ ವರ್ಷ ರಿಟೈರಾದ. ಸಕ್ಕರೆ ಕಾಯಿಲೆ ಅದಕ್ಕೂ ಮುಂಚೆಯೇ ಹಿಡಿದಿತ್ತು. ಅವ್ವ ಇದ್ದಾಗ ಅವನ ಊಟ, ಮಾತ್ರೆ ಎಲ್ಲ ಹದ್ದುಬಸ್ತಿನಲ್ಲಿದ್ದವು. ಅವ್ವ ತೀರಿದ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ಪ್ರೈಮರಿ ಶಾಲೆಯ ಟೀಚರ್, ಹೊತ್ತು ಹುಟ್ಟಿದರೆ ಮೂವತ್ತೆಂಟು ಮಕ್ಕಳ ಹಿಂದೆ. ಮಾತ್ರೆ ನುಂಗಿದೆಯಾ ಅಂದರೆ ನುಂಗಿದೆ ಅನ್ನುತ್ತಿದ್ದ. ಡಬ್ಬಿಯೊಳಗಿನ ಮಾತ್ರೆ ಮಾತ್ರ ಕಡಿಮೆಯಾಗುತ್ತಿರಲಿಲ್ಲ.

ನಮ್ಮ ಚರ್ಚಿನ ಸಭೆಯಲ್ಲಿ ಈಸ್ಟರಿಗೆ ಮುಂಚಿನ ಲೆಂತಿನ ನಲವತ್ತು ದಿನ ಒಬ್ಬೊಬ್ಬರು ಒಂದೊಂದನ್ನು ಬಿಡುತ್ತಾರೆ. ಕೆಲವರು ಮಾಂಸ ಬಿಡುತ್ತಾರೆ, ಕೆಲವರು ಎಲೆ ಅಡಿಕೆ. ಅಪ್ಪ ಬಿಡುತ್ತಿದ್ದದ್ದು ಚಪ್ಪಲಿ. "ವರ್ಷವೆಲ್ಲ ಸರ್ಕಾರಕ್ಕೆ ನಡೀತೀನಿ, ನಲವತ್ತು ದಿನ ಕರ್ತನಿಗೆ ನಡೀತೀನಿ" ಅನ್ನುತ್ತಿದ್ದ. ಸಕ್ಕರೆ ಕಾಯಿಲೆಯವರ ಪಾದಕ್ಕೆ ನೋವು ತಿಳಿಯುವುದಿಲ್ಲ, ಬರಿಗಾಲಲ್ಲಿ ಓಡಾಡಬಾರದು ಎಂದು ಹೊನ್ನಾಳಿಯ ಡಾಕ್ಟರು ನನ್ನೆದುರೇ ಹೇಳಿದ್ದರು. ಅಪ್ಪ ತಲೆ ಆಡಿಸಿದ್ದ. ಲೆಂತು ಹುಟ್ಟುವ ಬೂದಿ ಬುಧವಾರ ಬಂದದ್ದೇ ತಡ, ಚಪ್ಪಲಿ ಅಟ್ಟಕ್ಕೇರಿದವು.

ಇದನ್ನು ಬರೆಯುವ ಈ ಹೊತ್ತಿಗೂ ನನ್ನ ಸಿಟ್ಟು ಇಳಿದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಯಿಲೆಯ ಕಥೆ ಬರೆಯುವವರು ಕಡೆಗೆ ಎಲ್ಲರನ್ನೂ ಕ್ಷಮಿಸಿ ಮುಗಿಸುತ್ತಾರೆ. ನನ್ನ ಕೈಲಿ ಅಷ್ಟು ಆಗುವುದಿಲ್ಲ.

ಮುಳ್ಳು ತೆಗೆದು ಅರಿಶಿನ ಹಚ್ಚಿದೆ. ಮೂರು ದಿನಕ್ಕೆ ಕೀವು ಕಟ್ಟಿತು. ಆಸ್ಪತ್ರೆಗೆ ನಡಿ ಅಂದೆ. ಭಾನುವಾರ ಆರಾಧನೆ ಮುಗಿಸಿ ಹೋಗೋಣ ಅಂದ. ಆ ಭಾನುವಾರವೇ ಎಲ್ಲ ಕೆಟ್ಟಿತು.

ನಮ್ಮದು ಹದಿನಾಲ್ಕು ಮನೆಯ ಸಭೆ. ಪಾದ್ರಿ ಅಯ್ಯನವರು ದೂರದ ಊರಿನಲ್ಲಿದ್ದಾರೆ, ತಿಂಗಳಿಗೊಮ್ಮೆ ಬರುತ್ತಾರೆ. ಉಳಿದ ದಿನ ಚರ್ಚಿನ ಬೀಗದ ಕೈ, ಸಮಾಧಿ ತೋಟದ ಬೀಗದ ಕೈ, ನಮ್ಮೆಲ್ಲರ ಮೋಕ್ಷದ ಬೀಗದ ಕೈ, ಮೂರೂ ಹಿರಿಯರಾದ ತಿಮೋತಪ್ಪನವರ ಸೊಂಟದಲ್ಲಿರುತ್ತವೆ. ಅವರು ಅಪ್ಪನನ್ನು ಮುಂದೆ ಕರೆದು ಕುರ್ಚಿಯ ಮೇಲೆ ಕೂರಿಸಿದರು. ಕಾಲಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿಸಿ ಎಲ್ಲರಿಗೂ ಗಾಯ ತೋರಿಸಿದರು.

"ಕರ್ತನ ಪಾದಕ್ಕೆ ಮೊಳೆ. ನಮ್ಮ ಸಮಾಧಾನಪ್ಪನವರ ಪಾದಕ್ಕೆ ಮುಳ್ಳು. ಲೆಂತಿನಾಗೆ ಇಂಥಾ ಸಾಕ್ಷಿ ಯಾರಿಗೆ ಸಿಗ್ತೈತ್ರೀ?" ಅಂದರು.

ಎಲ್ಲರೂ ಆಮೆನ್ ಅಂದರು. ತಿಮೋತಪ್ಪನವರು ಗಾಯದ ಮೇಲೆ ಎಣ್ಣೆ ಸುರಿದು ಪ್ರಾರ್ಥನೆ ಮಾಡಿದರು. ಅಪ್ಪನ ಮುಖ ನೋಡಬೇಕಿತ್ತು. ಮದುವೆ ದಿನವೂ ಅಷ್ಟು ಬೀಗಿರಲಿಕ್ಕಿಲ್ಲ. ಅದಾದ ಮೇಲೆ ಆಸ್ಪತ್ರೆ ಅಂದರೆ ಸಾಕು, "ಈಸ್ಟರ್ ಕಳೀಲಿ, ಆಮೇಲೆ ಹೋಗಾನ. ಕೊಟ್ಟಾತನೇ ವಾಸಿ ಮಾಡ್ತಾನೆ" ಅಂತ ಒಂದೇ ಮಾತು.

ನನ್ನದೂ ತಪ್ಪಿದೆ. ಶಾಲೆಯಲ್ಲಿ ಪರೀಕ್ಷೆ ಇತ್ತು. ಬೈದೆ, ಊಟ ಬಿಟ್ಟೆ, ಮಾತು ಬಿಟ್ಟೆ. ಎಳೆದುಕೊಂಡು ಹೋಗಬೇಕಿತ್ತು, ಹೋಗಲಿಲ್ಲ.

ಈಸ್ಟರಿಗೆ ಒಂದು ವಾರ ಮುಂಚೆ, ಗರಿಗಳ ಭಾನುವಾರದ ಬೆಳಿಗ್ಗೆ ಮನೆಯೊಳಗೆ ಇಲಿ ಸತ್ತ ವಾಸನೆ. ಮಂಚದ ಕೆಳಗೆ, ಅಕ್ಕಿ ಚೀಲದ ಹಿಂದೆ ಎಲ್ಲ ಹುಡುಕಿದೆ. ಕಡೆಗೆ ಅಪ್ಪನ ಕಾಲಿನ ಬಟ್ಟೆ ಬಿಚ್ಚಿದೆ.

ಮೂರು ಬೆರಳು ಕಪ್ಪಗಾಗಿದ್ದವು.

ಪಕ್ಕದ ಮನೆಯ ಗಂಗಮ್ಮ ಗಾಡಿ ಕಟ್ಟಿಸಿದಳು. ಗಂಗಮ್ಮ ಗಂಡನಿಲ್ಲದ ಹೆಂಗಸು, ನಾಲ್ಕು ಎಕರೆ ತಾನೇ ಮಾಡಿಸುತ್ತಾಳೆ, ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಬಸ್ ಸ್ಟ್ಯಾಂಡಿಗೆ ಬಂದು ನಮ್ಮನ್ನು ಶಿವಮೊಗ್ಗದ ಬಸ್ಸು ಹತ್ತಿಸಿದಳು. ಬಟ್ಟೆಬರೆ ತುಂಬಿಕೊಳ್ಳಲು ಕೈಗೆ ಸಿಕ್ಕಿದ್ದು ಅಪ್ಪನ ಹಳೆಯ ಟಪಾಲು ಚೀಲ. ಖಾಕಿ ಕ್ಯಾನ್ವಾಸಿನದು, ಹೆಗಲ ಪಟ್ಟಿಗೆ ಅಪ್ಪನೇ ಎರಡು ಸಲ ಹೊಲಿಗೆ ಹಾಕಿದ್ದ.

ದೊಡ್ಡಾಸ್ಪತ್ರೆಯ ಸರ್ಜನ್ ಚಿಕ್ಕ ವಯಸ್ಸಿನವರು. ಕಾಲು ನೋಡಿದರು, ಯೂರಿನ್ ಟೆಸ್ಟ್ ಮಾಡಿಸಿದರು. ನೀಲಿ ದ್ರಾವಣ ಕಾದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು, ಸಕ್ಕರೆ ಅಷ್ಟು ಏರಿತ್ತು.

"ಗ್ಯಾಂಗ್ರೀನ್. ಮೊಣಕಾಲಿನ ಕೆಳಗೆ ತೆಗೀಬೇಕು. ತಡ ಮಾಡಿದ್ರೆ ಮೊಣಕಾಲಿನ ಮೇಲೆ. ಇನ್ನೂ ತಡ ಮಾಡಿದ್ರೆ ನಾನು ಬೇಕಾಗೋದೇ ಇಲ್ಲ" ಅಂದರು.

ಅಪ್ಪ ಬೇಡ ಅಂದ. ಸೋಮವಾರ ಬೇಡ ಅಂದ. ಮಂಗಳವಾರ ಬೇಡ ಅಂದ. ಜ್ವರ ಏರುತ್ತಿತ್ತು, ಇನ್ಸುಲಿನ್ ಕೊಡುತ್ತಿದ್ದರು, ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ಬುಧವಾರ ಬಾಯಿ ಬಿಟ್ಟ.

"ಕಡೇ ದಿನ ತುತ್ತೂರಿ ಊದಿದಾಗ ಎಲ್ರೂ ಏಳ್ತಾರೆ. ನಿಮ್ಮವ್ವನೂ ಏಳ್ತಾಳೆ. ನಾನು ಒಂಟಿಗಾಲಾಗೆ ಹೆಂಗೆ ಏಳ್ಲಿ? ಕೊಯ್ದಿದ್ದನ್ನ ಇವ್ರು ಬೆಂಕಿಗೆ ಹಾಕ್ತಾರಂತೆ. ಇಲ್ಲಾ ಎಲ್ಲೋ ಬಿಸಾಕ್ತಾರಂತೆ. ನಾಯಿ ಎಳೆದ್ರೆ?"

ಕಾಲಿಗೋಸ್ಕರ ಅಲ್ಲ, ನೋವಿಗೋಸ್ಕರ ಅಲ್ಲ, ಪುನರುತ್ಥಾನಕ್ಕೋಸ್ಕರ ಈ ಮನುಷ್ಯ ಸಾಯಲು ಸಿದ್ಧನಾಗಿದ್ದ. ನನ್ನ ಮೈಯೆಲ್ಲ ಉರಿದುಹೋಯಿತು.

"ನಲವತ್ತು ದಿನ ಚಪ್ಪಲಿ ಮೆಟ್ಟಿದ್ರೆ ಎರಡು ಕಾಲಾಗೂ ಏಳ್ತಿದ್ದೆ. ಈಗ ನೀನು ಸತ್ತೋದ್ರೆ ನಾನು ಯಾರ ಕೂಡ ಜಗಳ ಆಡ್ಲಿ? ಆ ಮನೆಯಾಗೆ ಗೋಡೆ ಕೂಡ ಆಡ್ಲಾ?" ಅಂದೆ. ವಾರ್ಡಿನವರೆಲ್ಲ ತಿರುಗಿ ನೋಡಿದರು. ನನಗೆ ಅಳು ಬಂತು, ಅದಕ್ಕೂ ಸಿಟ್ಟು ಬಂತು. "ನಿನ್ನ ಕಾಲು ನಾನೇ ತಗೊಂಡು ಹೋಗಿ ಅವ್ವನ ಪಕ್ಕದಾಗೆ ಹೂಳ್ತೀನಿ. ಸಹಿ ಹಾಕು."

ಅಪ್ಪ ಗೋಡೆಯ ಕಡೆಯಿಂದ ನನ್ನ ಕಡೆಗೆ ಹೊರಳಿದ.

"ಪಾದ ಪೂರ್ವಕ್ಕಿರ್ಲಿ" ಅಂದ.

ನಮ್ಮವರನ್ನು ಮಣ್ಣು ಮಾಡುವಾಗ ಪಾದ ಪೂರ್ವಕ್ಕೆ ಬರುವಂತೆ ಮಲಗಿಸುತ್ತಾರೆ. ಎದ್ದು ಕೂತಾಗ ಮುಖ ಸೂರ್ಯ ಹುಟ್ಟುವ ಕಡೆಗೆ ಇರಲಿ ಎಂದು. ಆಗಲಿ ಅಂದೆ. ಪೋಸ್ಟ್‌ಮನ್‌ನ ದುಂಡು ಅಕ್ಷರದಲ್ಲಿ ಸಹಿ ಹಾಕಿದ.

ಗುರುವಾರ ಆಪರೇಷನ್ ಆಯಿತು. ಶುಕ್ರವಾರ, ಶುಭ ಶುಕ್ರವಾರದ ಬೆಳಿಗ್ಗೆ, ಆಯಾ ಬಂದು ಒಂದು ಗಂಟು ಕೊಟ್ಟಳು. ಬಿಳಿ ಬಟ್ಟೆ, ಅದರ ಮೇಲೆ ರಬ್ಬರ್ ಶೀಟು, ಅದರ ಮೇಲೆ ದಾರ. "ನಿಮ್ಮ ಹಠ ನಂಗೆ ಅರ್ಥ ಆಗಲ್ಲ. ಆದ್ರೆ ಕಾಲು ನಿಮ್ಮದು. ಇವತ್ತೇ ಹೂಳಿ, ಬಿಸಿಲು ಜೋರಿದೆ" ಅಂದರು ಸರ್ಜನ್. ಅಪ್ಪನಿಗೆ ಇನ್ನೂ ಸರಿಯಾಗಿ ಎಚ್ಚರವಿರಲಿಲ್ಲ. ಪಕ್ಕದ ಬೆಡ್ಡಿನವನ ಜೊತೆಗಿದ್ದ ಬಸವಾಪಟ್ಟಣದ ಹೆಂಗಸಿಗೆ ನೋಡಿಕೊಳ್ಳಲು ಹೇಳಿದೆ. ಬಟ್ಟೆಗಳನ್ನು ಮಂಚದ ಮೇಲೆ ಸುರಿದು, ಗಂಟನ್ನು ಟಪಾಲು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಎಷ್ಟು ಭಾರವಿತ್ತು ಅಂತೀರಿ. ಕಾಲಿಗೆ ತೂಕವಿರುತ್ತದೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಸೀಟಿನಲ್ಲಿ ಪಕ್ಕಕ್ಕೆ ಕೂತಿದ್ದು ಸವಳಂಗಕ್ಕೆ ಹೋಗುವ ಒಬ್ಬ ಮುದುಕಿ. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡದ್ದನ್ನು ನೋಡಿ, "ಕೆಳಗಿಡವ್ವಾ. ಏನೈತೆ ಅದರಾಗೆ?" ಅಂದಳು.

ಸುಳ್ಳು ಹೇಳುವಷ್ಟು ತಾಳ್ಮೆ ನನಗಿರಲಿಲ್ಲ. "ನಮ್ಮಪ್ಪನ ಕಾಲು" ಅಂದೆ.

ಮುದುಕಿ ಕಿಟಕಿಯ ಕಡೆಗೆ ಸರಿದಳು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ನನ್ನ ಮುಖ ನೋಡಿದಳು, ಚೀಲ ನೋಡಿದಳು. "ಸಕ್ಕರೆ ಕಾಯಿಲೇನಾ?" ಅಂದಳು. ಹೂಂ ಅಂದೆ. ಆಕೆ ಬಗ್ಗಿ ಎರಡೂ ಕೈಯಲ್ಲಿ ಆ ಚೀಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ಹಿರೀಕರ ಕಾಲಲ್ವೇನವ್ವಾ" ಅಂದಳು.

ನ್ಯಾಮತಿ ಬರುವವರೆಗೂ ಅತ್ತೆ.

ಚರ್ಚಿನಲ್ಲಿ ಮೂರು ತಾಸಿನ ಆರಾಧನೆ ನಡೆಯುತ್ತಿತ್ತು. ಹನ್ನೆರಡರಿಂದ ಮೂರರವರೆಗೆ, ಕರ್ತನು ಶಿಲುಬೆಯ ಮೇಲೆ ನರಳಿದ ಹೊತ್ತು. ಜಗುಲಿಯ ಮೇಲೆ ಚೀಲದ ಜೊತೆ ಕೂತೆ. ಒಳಗೆ ತಿಮೋತಪ್ಪನವರು ಕರ್ತನ ಗಾಯಗಳನ್ನು ಒಂದೊಂದಾಗಿ ಎಣಿಸಿ ಹೇಳುತ್ತಿದ್ದರು. ಮುಗಿಸಿ ಹೊರಗೆ ಬಂದಾಗ ವಿಷಯ ಹೇಳಿ ಸಮಾಧಿ ತೋಟದ ಬೀಗದ ಕೈ ಕೇಳಿದೆ.

ಅವರು ಚೀಲದಿಂದ ಎರಡು ಹೆಜ್ಜೆ ಹಿಂದಕ್ಕೆ ಹೋದರು.

"ಸತ್ತೋರನ್ನ ಹೂಳಾಕೆ ಇರೋ ಜಾಗ ಅದು. ನಿಮ್ಮಪ್ಪ ಬದುಕವ್ರೆ. ರಿಜಿಸ್ಟರ್‌ನಾಗೆ ಏನಂತ ಬರೀಲಿ? ಭಾನುವಾರ ಅಯ್ಯನೋರು ಬರ್ತಾರೆ, ಕೇಳಾನ ಇರು."

"ಭಾನುವಾರದವರೆಗೆ ಇದನ್ನ ಎಲ್ಲಿಟ್ಕೊಳ್ಳಿ? ನಿಮ್ಮ ಮನೆಯಾಗೆ ಇಡ್ಲಾ?"

"ಬಾಯಿ ಹಿಡಿತದಾಗಿರ್ಲಿ ಸುಗುಣಾ. ಇವತ್ತು ಎಂಥಾ ದಿನ ಅಂತ ಗೊತ್ತೈತಾ?"

ಗೊತ್ತಿತ್ತು. ಅದಕ್ಕೇ ಬಾಯಿ ಬಿಟ್ಟೆ. ಹದಿನಾಲ್ಕು ಮನೆಯವರೂ ನಿಂತಿದ್ದರು.

"ತಿಂಗಳ ಹಿಂದೆ ಇದೇ ಕಾಲನ್ನ ಒಳಗೆ ಕುರ್ಚಿ ಮೇಲೆ ಇಡ್ಸಿದ್ರಿ. ಸಾಕ್ಷಿ ಅಂದ್ರಿ. ಎಣ್ಣೆ ಸುರಿದ್ರಿ. ಆಗ ರಿಜಿಸ್ಟರ್ ಬೇಕಾಗಿರ್ಲಿಲ್ಲ. ಆವತ್ತು ಒಂದು ಮಾತು, ಆಸ್ಪತ್ರೆಗೆ ಹೋಗ್ರೀ ಅಂದಿದ್ರೆ ನಮ್ಮಪ್ಪ ನಿಮ್ಮ ಮಾತು ತೆಗೆದುಹಾಕ್ತಿರ್ಲಿಲ್ಲ. ತೋಟದಾಗೆ ಒಂದು ಬಿಳಿಯರ ಕೂಸಿನ ಗೋರಿ ಐತೆ, ಹೆಸರು ಸವೆದು ಯಾರಂತ ಯಾರಿಗೂ ಗೊತ್ತಿಲ್ಲ, ವರ್ಷವರ್ಷ ಅದಕ್ಕೆ ಮೇಣದ ಬತ್ತಿ ಹಚ್ತೀರಿ. ನಿಮ್ಮ ಮನೆಮನೆಗೂ ಕಾಗದ ತಂದುಕೊಟ್ಟ ಕಾಲಿಗೆ ಎರಡಡಿ ಮಣ್ಣಿಲ್ವಾ?"

ತಿಮೋತಪ್ಪನವರು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋದರು. ಅವರ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಹೋದರು. ಆ ದಿನದ ಕಥೆಯಲ್ಲಿ ಶಿಷ್ಯರು ಕರ್ತನನ್ನು ಬಿಟ್ಟು ಚದುರಿಹೋದದ್ದನ್ನು ಅರ್ಧ ತಾಸಿನ ಹಿಂದೆ ಕೇಳಿ ಕಣ್ಣೊರೆಸಿಕೊಂಡ ಜನ.

ಗಂಗಮ್ಮನ ಮನೆಗೆ ಹೋದೆ. ಅವಳು ಕೇಳಿದ್ದು ಎರಡೇ ಮಾತು. ಅಪ್ಪ ಉಳಿದನಾ ಅಂತ, ನಾನು ಉಂಡೆನಾ ಅಂತ. ಮುದ್ದೆ ತಟ್ಟೆಗೆ ಹಾಕಿ ಮುಂದೆ ಕೂತು ತಿನ್ನಿಸಿದಳು. ಆಮೇಲೆ ಗುದ್ದಲಿ, ಸಲಿಕೆ ಹೆಗಲಿಗೇರಿಸಿದಳು. ಮಡಿಲಿಗೆ ಒಂದು ಸೇರು ಉಪ್ಪು ಕಟ್ಟಿಕೊಂಡಳು.

"ನಾವೂ ಹೂಳೋರೇ ಕಣವ್ವಾ. ಉಪ್ಪು ಹಾಕಿದ್ರೆ ನಾಯಿ ನರಿ ಕೆದಕಲ್ಲ. ನಡಿ" ಅಂದಳು.

ತೋಟದ ಕಬ್ಬಿಣದ ಗೇಟಿಗೆ ಬೀಗವಿತ್ತು. ಹಿಂದುಗಡೆ ಕಲ್ಲಿನ ಗೋಡೆ ಕುಸಿದ ಕಡೆ ಹತ್ತಿ ಇಳಿದೆವು. ಗಂಗಮ್ಮ ಐವತ್ತೈದರ ಮೇಲಿನವಳು, ಸೀರೆ ಕಚ್ಚೆ ಹಾಕಿ ಹಾರಿದಳು. ಈಸ್ಟರಿಗೆಂದು ಗೋರಿಗಳಿಗೆಲ್ಲ ಹೊಸ ಸುಣ್ಣ ಬಳಿದಿದ್ದರು. ಅವ್ವನ ಗೋರಿಗೆ ಮಾತ್ರ ಯಾರೂ ಬಳಿದಿರಲಿಲ್ಲ, ಆ ವಾರ ನಾವು ಊರಲ್ಲಿರಲಿಲ್ಲವಲ್ಲ. ಅದರ ಪಕ್ಕ ಅಗೆದೆವು. ಬೇಸಿಗೆಯ ನೆಲ, ಕಲ್ಲಿನಂತೆ ಗಟ್ಟಿ. ಒಂದೊಂದು ಏಟಿಗೂ ತಿಮೋತಪ್ಪನವರನ್ನು ನೆನೆಸಿಕೊಂಡೆ. ಅಪ್ಪನನ್ನು ನೆನೆಸಿಕೊಂಡೆ. ದೇವರನ್ನೂ ಬಿಡಲಿಲ್ಲ. ಚಪ್ಪಲಿ ಬಿಡು ಅಂತ ನೀನು ಅಪ್ಪನನ್ನ ಕೇಳಿದ್ದೆಯಾ, ಕೇಳದೆ ಇದ್ದರೆ ಬೇಡ ಅಂತ ಹೇಳೋಕೆ ನಿನಗೆ ಬಾಯಿರಲಿಲ್ಲವಾ ಅಂದೆ, ಗಟ್ಟಿಯಾಗಿಯೇ ಅಂದೆ. ಅಂಗೈ ಬೊಬ್ಬೆ ಒಡೆದು ಹಿಡಿಗೆ ರಕ್ತ ಹತ್ತಿತು. ಮೂರಡಿ ಆದಾಗ ಸಾಕು ಅಂದಳು ಗಂಗಮ್ಮ. ಚೀಲವನ್ನು ಹಾಗೆಯೇ ಕೆಳಗೆ ಬಿಟ್ಟೆ. ಅವಳು ಉಪ್ಪು ಸುರಿದಳು. ಮಣ್ಣು ಎಳೆದೆವು. ಪ್ರಾರ್ಥನೆ ಹೇಳಲು ಬಾಯಿ ತೆರೆದರೆ ಬೈಗುಳ ಬಂತು.

ಆರಾಧನೆಯಲ್ಲಿ ಪ್ರತಿ ವರ್ಷ ಕೇಳುತ್ತೇವೆ, ಆ ಶುಕ್ರವಾರ ಹೊತ್ತು ಮುಳುಗುವುದರೊಳಗೆ ಅವಸರವಸರವಾಗಿ ಕರ್ತನನ್ನು ಇನ್ನೊಬ್ಬರ ಸಮಾಧಿಯಲ್ಲಿ ಇಟ್ಟರು, ಭಾನುವಾರ ನಸುಕಿಗೆ ಹೆಂಗಸರು ಸುಗಂಧದ್ರವ್ಯ ಹಿಡಿದು ಹೋದರು, ಬಾಗಿಲ ಕಲ್ಲನ್ನು ಯಾರು ಉರುಳಿಸಿ ಕೊಡುತ್ತಾರೆ ಎಂದು ದಾರಿಯುದ್ದಕ್ಕೂ ಮಾತಾಡಿಕೊಂಡರು ಎಂದು. ಚಿತ್ರದಲ್ಲಿ ಅವರನ್ನು ತಲೆ ಬಗ್ಗಿಸಿ, ಕಣ್ಣೀರಿಡುತ್ತ ಹೋಗುವವರಂತೆ ಬರೆದಿರುತ್ತಾರೆ. ನನಗೀಗ ಹಾಗನ್ನಿಸುವುದಿಲ್ಲ. ಅವರು ಸಿಟ್ಟಿನಲ್ಲಿ ಹೋಗಿರಬೇಕು. ಗಂಡಸರೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದರು, ಕೆಲಸ ಹೆಂಗಸರ ತಲೆಯ ಮೇಲಿತ್ತು. ಇದನ್ನು ಚರ್ಚಿನ ಯಾವ ಪ್ರಸಂಗದಲ್ಲೂ ಯಾರೂ ಹೇಳಿದ್ದು ಕೇಳಿಲ್ಲ.

ಶನಿವಾರ ಮಧ್ಯಾಹ್ನ ವಾರ್ಡಿಗೆ ಬಂದೆ. ಅಪ್ಪನಿಗೆ ಎಚ್ಚರವಿತ್ತು. ಕೇಳಿದ ಮೊದಲ ಮಾತು:

"ಪಾದ ಪೂರ್ವಕ್ಕೈತಾ?"

ಆಗಲೇ ನನಗೆ ನೆನಪಾದದ್ದು. ದಿಕ್ಕು ನೋಡೇ ಇರಲಿಲ್ಲ. ಸಿಟ್ಟಿನಲ್ಲಿ ಚೀಲ ಸಮೇತ ಬಿಟ್ಟಿದ್ದೆ.

"ಹೂಂ, ಪೂರ್ವಕ್ಕೆ" ಅಂದೆ.

"ಅಯ್ಯನೋರು ಇರ್ಲಿಲ್ಲ, ಪ್ರಾರ್ಥನೆ ಯಾರು ಮಾಡಿದ್ರು?"

"ನಾನೇ" ಅಂದೆ.

ಈಸ್ಟರ್ ದಿನ ಬೆಳಿಗ್ಗೆ ಅಪ್ಪ ನನ್ನನ್ನು ಎಬ್ಬಿಸಿದ. ಇಲ್ಲದ ಕಾಲು ಉರಿಯುತ್ತಿದೆ ಅಂದ. ಬೆರಳು ಮಡಚಿಕೊಂಡಿದೆ, ಬಿಡಿಸು ಅಂದ. ಹಾಸಿಗೆ ಸಪಾಟಾಗಿದ್ದ ಕಡೆ ಕೈ ಆಡಿಸಿ ಹುಡುಕಿದ. ನರಗಳಿಗೆ ಇನ್ನೂ ಗೊತ್ತಾಗಿಲ್ಲ, ಕೆಲವರಿಗೆ ಹೀಗಾಗುತ್ತದೆ ಎಂದು ಸರ್ಜನ್ ಬಿಡಿಸಿ ಹೇಳಿದರು. ಅವರು ಹೋದ ಮೇಲೆ ಅಪ್ಪ ಪಿಸುಮಾತಿನಲ್ಲಿ, "ನೀನು ಸರಿಯಾಗಿ ಇಟ್ಟಿಲ್ಲ. ಅದಕ್ಕೇ ನೋಯ್ತೈತೆ" ಅಂದ. ಅದೊಂದು ಸಲ ಅವನ ಮಾತು ನಿಜವಾಗಿತ್ತು.

ಅಂದು ನನಗೆ ಹೊಳೆದದ್ದು ಒಂದೇ. ಎದ್ದುಬಂದ ಕರ್ತನಿಗೂ ಗಾಯ ವಾಸಿಯಾಗಿರಲಿಲ್ಲ. ಕೈಯ ತೂತು, ಕಾಲಿನ ತೂತು ಹಾಗೆಯೇ ಇದ್ದವು, ಅವನ್ನೇ ತೋರಿಸಿ ನಾನೇ ಎಂದು ಗುರುತು ಹೇಳಿದ. ಅಪ್ಪನಿಗೆ ಹೇಳಿದೆ. "ಆತನ ಕಾಲು ಜೊತೆಗಿತ್ತಲ್ಲ" ಅಂದ.

ಮನೆಗೆ ಬಂದೆವು. ಡ್ರೆಸಿಂಗ್ ಮಾಡುವುದು ಕಲಿತೆ, ಇನ್ಸುಲಿನ್ ಚುಚ್ಚುವುದು ಕಲಿತೆ. ಬೆಳಿಗ್ಗೆ ಸ್ಪಿರಿಟ್ ದೀಪದ ಮೇಲೆ ಯೂರಿನ್ ಕಾಯಿಸಿ, ನೀಲಿ ಬಂದರೆ ಉಸಿರು ಬಿಟ್ಟು, ಹಸಿರಾದರೆ ಅಪ್ಪನನ್ನು ಬೈದು ಶಾಲೆಗೆ ಹೋಗುತ್ತಿದ್ದೆ. ಅಯ್ಯನವರು ಬಂದಾಗ ಮಣ್ಣಿನ ದಿಬ್ಬ ನೋಡಿ, ಇರಲಿ ಬಿಡಿ ಅಂದರಂತೆ. ಊರೆಲ್ಲ ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ತಿಮೋತಪ್ಪನವರೂ ಅಪ್ಪನನ್ನು ನೋಡಲು ಬಂದರು. ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣ. ಸಕ್ಕರೆ ಕಾಯಿಲೆಯವನಿಗೆ. ಅವರು ಗೇಟು ದಾಟುವ ಮೊದಲೇ ಅದನ್ನು ಗಂಗಮ್ಮನ ಮನೆಗೆ ಕೊಟ್ಟು ಬಂದೆ.

ಅಪ್ಪ ಮಾತ್ರ ತಿಂಗಳಿಗೊಮ್ಮೆಯಾದರೂ ಕೇಳುತ್ತಿದ್ದ, "ನನ್ನ ಟಪಾಲು ಚೀಲ ಎಲ್ಲೋಯ್ತು?" ಆಸ್ಪತ್ರೆಯಲ್ಲಿ ಕಳೆಯಿತು ಅನ್ನುತ್ತಿದ್ದೆ. ಉರಿ ಹೆಚ್ಚಾದ ದಿನ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಒಂದು ವರ್ಷ ಆ ಸುಳ್ಳನ್ನು ಹೊತ್ತೆ. ಅದು ಕಾಲಿಗಿಂತ ಭಾರವಾಗಿತ್ತು.

ಈ ವರ್ಷದ ಈಸ್ಟರಿಗೆ ನಸುಕಿನಲ್ಲಿ ಎಲ್ಲರೂ ಸಮಾಧಿ ತೋಟಕ್ಕೆ ಹೋದೆವು. ಗೇಟು ತೆರೆದಿತ್ತು. ಅಪ್ಪ ಎರಡು ಊರುಗೋಲಿನಲ್ಲಿ ಬಂದ. ಉಳಿದ ಕಾಲಿಗೆ ಚಪ್ಪಲಿ ಇತ್ತು; ಲೆಂತು ಹುಟ್ಟಿದ ದಿನವೇ ಅದರ ಬಗ್ಗೆ ದೊಡ್ಡ ಜಗಳವಾಗಿ ನಾನು ಗೆದ್ದಿದ್ದೆ. ಅವ್ವನ ಗೋರಿಗೆ ಬತ್ತಿ ಹಚ್ಚಿದೆವು. ಪಕ್ಕದ ಚಿಕ್ಕ ದಿಬ್ಬಕ್ಕೂ ಒಂದು ಹಚ್ಚಿದೆ. ಅಪ್ಪ ಅದರ ಮುಂದೆ ನಿಂತು ಪೂರ್ವ ಯಾವ ಕಡೆ ಎಂದು ನೋಡುತ್ತಿದ್ದ. ನನ್ನಿಂದ ತಡೆಯಲಾಗಲಿಲ್ಲ.

"ಅಪ್ಪಾ, ಪಾದ ಎತ್ತಾಗೈತೆ ಅಂತ ನಂಗೆ ಗೊತ್ತಿಲ್ಲ. ಸುಳ್ಳು ಹೇಳಿದ್ದೆ. ಸಿಟ್ಟಿನಾಗೆ ಹಂಗೇ ಬಿಟ್ಬಿಟ್ಟೆ. ನಿನ್ನ ಟಪಾಲು ಚೀಲದ ಸಮೇತ."

ಅಪ್ಪ ಊರುಗೋಲಿನ ತುದಿಯಿಂದ ದಿಬ್ಬದ ಮಣ್ಣನ್ನು ಮೆಲ್ಲಗೆ ತಟ್ಟಿದ. ಆ ಕಡೆ ತಿಮೋತಪ್ಪನವರು ಕರ್ತನು ಎದ್ದಿದ್ದಾನೆ ಎಂದು ಕೂಗಿದರು, ಎಲ್ಲರೂ ನಿಜವಾಗಿ ಎದ್ದಿದ್ದಾನೆ ಅಂದರು. ನಾವಿಬ್ಬರು ಅನ್ನಲಿಲ್ಲ.

"ಚೀಲ ಜೊತೆಗೈತಾ?" ಅಂದ ಅಪ್ಪ.

"ಐತೆ."

"ಪಟ್ಟಿ ಕಿತ್ತೋಗಿರ್ಲಿಲ್ವಾ?"

"ಇಲ್ಲ, ಗಟ್ಟಿ ಇತ್ತು."

"ಹಂಗಾದ್ರೆ ಬಿಡು" ಅಂದ. "ಚೀಲ ಇದ್ದಾಗ ಆ ಕಾಲು ಒಂದಿನಾನೂ ಮನೆ ತಪ್ಪಿಲ್ಲ. ನಾನೆಲ್ಲಿದ್ರೂ ಹುಡುಕ್ಕೊಂಡು ಬರ್ತೈತೆ."

ಊರುಗೋಲು ತಿರುಗಿಸಿ ಗೇಟಿನ ಕಡೆ ಹೊರಟ. ನಾನು ಅವನ ಎಡಕ್ಕೆ ಸರಿದು ನಡೆದೆ.